ತೀರಿಕೊಂಡವರ ಸಹಿ ಕೇಳುವ ಪವನಗತಿ ಬ್ರಾಡ್‌ಬ್ಯಾಂಡಿನವರಿಗೆ

ಕೇಶ್ವಾಪುರ, ಹುಬ್ಬಳ್ಳಿ
೨೪ ಜೂನ್ ೨೦೦೭, ಭಾನುವಾರ

ಈಗ ಮಧ್ಯಾಹ್ನ ನಾಲ್ಕು ಗಂಟೆ. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಇವತ್ತು ಬೆಳಿಗ್ಗೆ ಬಂತು. ಹಂಡೆ, ಕೊಡ ಎಲ್ಲ ತುಂಬಿಸಿಟ್ಟೆ. ಊಟವಾದ ಮೇಲೆ ಹದಿನಾರು ಪುಟ ಟೈಪು ಮಾಡಿದೆ. ಈಗ ಕೈ ಖಾಲಿಯಿರುವುದರಿಂದ ಈ ಪತ್ರ.

ಮಾನ್ಯರೇ,

ಪವನಗತಿ ಬ್ರಾಡ್‌ಬ್ಯಾಂಡ್ ಸೇವೆಯ ವ್ಯವಸ್ಥಾಪಕರಾದ ತಮಗೂ, ತಮ್ಮ ಕೌಂಟರಿಗೂ, ಕೌಂಟರಿನ ಮೇಲಿರುವ ‘ಊಟದ ಸಮಯ’ ಎಂಬ ಹಲಗೆಗೂ, ನನ್ನ ಮನೆಗೆ ಬಂದು ಕಣ್ಣೊರೆಸಿಕೊಂಡು ಹೋದ ತಮ್ಮ ಲೈನ್‌ಮನ್‌ಗಳಿಗೂ ಅನಂತ ನಮಸ್ಕಾರಗಳು. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳನ್ನು ತಾವು ಎಷ್ಟು ಜೋಪಾನ ಮಾಡಿದ್ದೀರೆಂದರೆ, ಉತ್ತರ ಬರೆದು ಅವುಗಳ ಅಂದ ಕೆಡಿಸುವ ಮನಸ್ಸು ತಮಗೆ ಬಂದಿಲ್ಲ. ಆದ್ದರಿಂದ ಐದನೆಯದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಕಾಶೀಬಾಯಿ. ಓದಿದ್ದು ಪಿಯುಸಿವರೆಗೆ, ಜೊತೆಗೆ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ. ಮೈಸೂರಿನ ಪ್ರಕಾಶಕರೊಬ್ಬರು ಲೇಖಕರ ಕೈಬರಹದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಇ-ಮೇಲಿನಲ್ಲಿ ಕಳಿಸುತ್ತಾರೆ. ನಾನು ಟೈಪು ಮಾಡಿ ಮರಳಿ ಕಳಿಸುತ್ತೇನೆ. ಇಷ್ಟು ದಿನ ಹಫೀಜ ಅವರ ಸೈಬರ್ ಕೆಫೆಗೆ ಹೋಗಿ ಹಾಳೆಗಳನ್ನು ಇಳಿಸಿಕೊಂಡು ಬರುತ್ತಿದ್ದೆ. ಜುಲೈ ಒಂದರಿಂದ ಕಾಯಂ ಕೆಲಸ ಕೊಡುತ್ತೇವೆ, ಆದರೆ ಮನೆಯಲ್ಲೇ ಇಂಟರ್‌ನೆಟ್ ಇರಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವರು ತಿಳಿಸಿದ್ದಾರೆ. ಒಬ್ಬಳೇ ಮನೆ ನಡೆಸುವ ನನಗೆ ಕೈಯಲ್ಲಿರುವುದು ಇದೊಂದೇ ಕೆಲಸ.

ತಮ್ಮ ಪ್ಲಾನನ್ನು ಆರಿಸಿದವರು ನನ್ನ ಯಜಮಾನರಾದ ಗುರುಶಿದ್ದಪ್ಪನವರು. ಅವರ ಹೆಸರು ಹಿಡಿದು ಹೇಳುವ ರೂಢಿ ನನಗಿರಲಿಲ್ಲ. ಆದರೆ ತಮ್ಮ ಕೌಂಟರಿನಲ್ಲಿ ಇಪ್ಪತ್ತು ಸಲ ಹೇಳಿಸಿ ಆ ಸಂಕೋಚವನ್ನು ಬಿಡಿಸಿದ್ದೀರಿ, ಅದಕ್ಕೂ ಋಣಿ. ಹೋದ ವರ್ಷ ಆಗಸ್ಟಿನಲ್ಲಿ ಅವರು ಪವನಗತಿಯ ಬಣ್ಣದ ಹಾಳೆಯನ್ನು ಹರವಿಕೊಂಡು ಮೂರು ಸಂಜೆ ಓದಿದರು. ‘ಬೆಳ್ಳಿ’ ಪ್ಲಾನಿನಲ್ಲಿ ತಿಂಗಳಿಗೆ ನಾಲ್ಕುನೂರು ಎಂಬಿ. ನಮ್ಮ ಲೇಖಕರ ಪೈಕಿ ಅಕ್ಷರ ದೊಡ್ಡದಾಗಿ ಬರೆಯುವ ಒಬ್ಬರೇ ಸಾಕು, ಅದನ್ನು ಹತ್ತು ದಿನದಲ್ಲಿ ನುಂಗಲು. ‘ಬಂಗಾರ’ಕ್ಕೆ ಮಿತಿಯೇ ಇಲ್ಲ, ಆದರೆ ಅದು ನಸುಕಿನ ಎರಡರಿಂದ ಎಂಟರವರೆಗೆ ಮಾತ್ರ, ಅದನ್ನು ಗೂಬೆಗಳ ಅನುಕೂಲಕ್ಕೆಂದು ಮಾಡಿದ್ದೀರೆಂದು ತಿಳಿದು ಅವುಗಳಿಗೇ ಬಿಟ್ಟೆವು. ‘ವಜ್ರ’ದ ವೇಗ ‘೨೫೬ರವರೆಗೆ’ ಎಂದಿತ್ತು. ಸೊನ್ನೆಯೂ ಅದರೊಳಗೇ ಬರುವುದರಿಂದ ತಾವು ಎಂದೂ ಸುಳ್ಳುಗಾರರಾಗಲಾರಿರಿ. ಕೊನೆಗೆ ಅವರು ‘ಕುಟುಂಬ’ ಎಂಬ ಪ್ಲಾನಿಗೆ ಗುರುತು ಹಾಕಿದರು.

ಕೆಲಸ ನನ್ನದಲ್ಲವೇ, ಅರ್ಜಿಯಲ್ಲಿ ನನ್ನ ಹೆಸರು ಹಾಕಿರಿ ಎಂದಿದ್ದೆ. “ಬ್ಯಾಡ ಬಿಡು. ಬಿಲ್ ಬಂದಾಗ ಬೈಯಾಕ ನಿನಗ ಒಬ್ರು ಬೇಕಲ್ಲ, ನಾ ಇರ್ತೇನಿ” ಎಂದು ನಕ್ಕು ಅವರ ಹೆಸರನ್ನೇ ಬರೆದರು. ಹದಿನೈದು ದಿನದಲ್ಲಿ ಲೈನು ಎಂದು ತಾವು ರಸೀದಿ ಕೊಟ್ಟಿರಿ. ಸೆಪ್ಟೆಂಬರ್ ಹದಿನೆಂಟರಂದು ಅವರು ತೀರಿಕೊಂಡರು. ಲೈನು ಬಂದಿರಲಿಲ್ಲ.

ತಮ್ಮ ದುರಗಪ್ಪನವರು ಬಂದದ್ದು ಜನವರಿಯಲ್ಲಿ, ಹೆಗಲ ಮೇಲೆ ವೈರಿನ ಸುರುಳಿ ಹೊತ್ತು. “ಗುರುಶಿದ್ದಪ್ಪನವರು ಅದಾರೇನ್ರಿ?” ಎಂದರು. ಇದ್ದದ್ದನ್ನು ಹೇಳಿದೆ. ಕೂಡಲೇ ಸುರುಳಿಯನ್ನು ಹೊರಗಿಟ್ಟು, ಚಪ್ಪಲಿ ಬಿಟ್ಟು, ಒಳಗೆ ಬಂದು ಗೋಡೆಗೊರಗಿ ಕುಳಿತರು. “ಏನಾಗಿತ್ತರಿ ಅಕ್ಕಾರ, ಹಾರ್ಟೋ, ಶುಗರೋ?” ಎಂದು ಮೊದಲಿನಿಂದ ಕೇಳಿದರು, ನಾನು ಮೊದಲಿನಿಂದ ಹೇಳಿದೆ. ಅವರ ಸೋದರಮಾವ ಹೋದದ್ದನ್ನು ಅವರು ಹೇಳಿದರು. ಇಬ್ಬರೂ ಅತ್ತೆವು. ಸಾವಿನ ಮನೆಗೆ ಮಾತಾಡಿಸಲು ಬಂದವರು ‘ಬರ್ತೇನಿ’ ಎಂದು ಹೇಳಿ ಹೊರಡಬಾರದಲ್ಲ, ಹಾಗೇ ಸುಮ್ಮನೆ ಎದ್ದು ಹೋದರು. ರೀತಿ ಬಲ್ಲವರಾದ್ದರಿಂದ ಮತ್ತೆ ಬರಲಿಲ್ಲ. ವೈರನ್ನು ಮಾತ್ರ ಮರೆಯದೆ ಒಯ್ದರು. ತಮ್ಮ ರಿಜಿಸ್ಟರಿನಲ್ಲಿ ಅಂದಿನ ದಿನಾಂಕದ ಮುಂದೆ ‘ಭೇಟಿ ಮುಗಿದಿದೆ’ ಎಂದಿದೆ.

ಏಪ್ರಿಲಿನಲ್ಲಿ ಬಂದ ಕಮರುದ್ದೀನ ಅವರು ಡ್ರಿಲ್ಲಿಂಗ್ ಮಷೀನು ಕೈಗೆತ್ತಿಕೊಂಡ ಮೇಲೆ ವಿಷಯ ತಿಳಿದರು. “ಅಲ್ಲಾ ನಿಮಗ ಸಬರ್ ಕೊಡಲಿ ಅಕ್ಕಾ. ಇಂಥಾ ಮನಿ ಗ್ವಾಡಿಗೆ ಇವತ್ತ ತೂತ ಹೊಡಿಯಾಕ ನನ್ನ ಕೈ ಏಳೂದಿಲ್ಲ” ಎಂದು ಮಷೀನನ್ನು ಚೀಲಕ್ಕೆ ಹಾಕಿದರು. ತೂತು ಹೊಡೆದರೇ ನನಗೆ ಆ ಸಬರ್, ಆ ಸಮಾಧಾನ ಸಿಗುವುದೆಂದು ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಅವರ ಕಣ್ಣಲ್ಲಿ ಖರೇ ನೀರಿತ್ತು. ಮಾನ್ಯರೇ, ತಮ್ಮ ಕಂಪನಿಯಲ್ಲಿ ಮಿತಿಯಿಲ್ಲದ, ಹಗಲೂ ದೊರೆಯುವ, ವೇಗ ಕುಗ್ಗದ ಸೇವೆ ಒಂದಿದ್ದರೆ ಅದು ದುಃಖದಲ್ಲಿ ಭಾಗಿಯಾಗುವುದು. ಬಣ್ಣದ ಹಾಳೆಯಲ್ಲಿ ಅದನ್ನೇಕೆ ಮುದ್ರಿಸಿಲ್ಲವೋ ತಿಳಿಯದು.

ಕೌಂಟರಿಗೇ ಹೋದೆ. ಹೊಸ ಅರ್ಜಿ ಕೊಡುತ್ತೇನೆ ಎಂದರೆ, ಒಂದು ಮನೆಗೆ ಒಂದೇ ಅರ್ಜಿ, ಹಳೆಯದನ್ನು ರದ್ದು ಮಾಡಿಸಬೇಕು ಎಂದರು ಪಂಢರಿನಾಥ ಅವರು. ರದ್ದು ಮಾಡಿ ಎಂದೆ. “ಅದಕ್ಕ ಅರ್ಜಿದಾರರು ಬರಬೇಕ್ರಿ.” ತೀರಿಕೊಂಡಿದ್ದಾರೆ ಎಂದು ಮರಣ ಪ್ರಮಾಣಪತ್ರ ಮುಂದಿಟ್ಟೆ. ಅದನ್ನು ಎರಡೂ ಬದಿ ನೋಡಿ, “ಇದರಾಗ ಅವರ ಸಹಿ ಇಲ್ಲಲ್ಲರಿ” ಎಂದರು. ಬಾಯಿಂದ ಬಂದದ್ದೇನೆಂದು ಆಮೇಲೆ ಅವರಿಗೂ ಹೊಳೆದಿರಬೇಕು. ತಲೆ ತಗ್ಗಿಸಿ ‘ಊಟದ ಸಮಯ’ದ ಹಲಗೆಯನ್ನು ಮುಂದೆ ತಂದಿಟ್ಟರು. ಆಗ ಹನ್ನೊಂದೂವರೆ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಿನ್ನೆ ಬೆಳಿಗ್ಗೆ ತಮ್ಮ ಗುಲಾಬಸಾಬ ಅವರು, ಹೊಸಬರು, ಬಾಗಿಲಲ್ಲಿ ನಿಂತು “ಯಜಮಾನ್ರು ಎಲ್ಲಿ ಅದಾರ್ರಿ ಅಕ್ಕಾರ?” ಎಂದರು. ಜುಲೈಗೆ ಒಂದೇ ವಾರ ಉಳಿದಿತ್ತು. “ಗದಗಿಗೆ ಹೋಗ್ಯಾರ್ರಿ, ಸೋಮವಾರ ಬರ್ತಾರ” ಎಂದೆ. ಅಷ್ಟೇ. ಅವರು ಸಿಳ್ಳೆ ಹಾಕುತ್ತ ಏಣಿ ಹತ್ತಿದರು, ಇಪ್ಪತ್ತು ನಿಮಿಷದಲ್ಲಿ ಲೈನು ಎಳೆದರು, ಮೋಡೆಮಿನ ಹಸಿರು ದೀಪ ಹತ್ತಿತು. ನಡುವೆ “ಯಜಮಾನ್ರಿಗೆ ಚಹಾ ಸಕ್ಕರಿ ಜಾಸ್ತಿ ಬೇಕೇನ್ರಿ? ಭಾಳ ಸೀ ಮಾಡೀರಿ” ಎಂದು ಚೇಷ್ಟೆಯನ್ನೂ ಮಾಡಿದರು. ಹೌದು ಎಂದೆ. ಅದು ಸುಳ್ಳಲ್ಲ. ಒಂಬತ್ತು ತಿಂಗಳಲ್ಲಿ ಅವರ ಬಗ್ಗೆ ಯಾರೂ ಹೀಗೆ ನಗುತ್ತ ಕೇಳಿರಲಿಲ್ಲ. ಆ ಇಪ್ಪತ್ತು ನಿಮಿಷ ನಮ್ಮ ಮನೆಯಲ್ಲಿ ಅವರು ಗದಗಿಗೆ ಹೋಗಿದ್ದರು, ಅಷ್ಟೇ.

ಹೊರಡುವಾಗ ಗುಲಾಬಸಾಬ ಅವರು ಒಂದು ಹಾಳೆ ಕೊಟ್ಟರು. ಅರ್ಜಿದಾರರ ಸಹಿಯಾಗಬೇಕು, ಇಲ್ಲದಿದ್ದರೆ ಲೈನು ಬಿಚ್ಚಿ ಒಯ್ಯಬೇಕೆಂದು ಅದರಲ್ಲಿ ಅಚ್ಚಾಗಿದೆ. ಅವರ ಸಹಿ ನನಗೆ ಮಾಡಲು ಬರುತ್ತದೆ, ಇಪ್ಪತ್ತಾರು ವರ್ಷ ನೋಡಿದ್ದೇನೆ. ಮಾಡುವುದಿಲ್ಲ. ಒಂದು ಸುಳ್ಳಿಗೇ ನಿನ್ನೆಯಿಂದ ಊಟ ರುಚಿಸುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಸಣ್ಣವು. ತಮ್ಮ ಜಾಲ ಜಗತ್ತಿನ ಯಾವ ಮೂಲೆಯನ್ನಾದರೂ ಮುಟ್ಟುತ್ತದೆ ಎಂದು ಬಣ್ಣದ ಹಾಳೆ ಹೇಳುತ್ತದೆ. ಹಾಗಿದ್ದರೆ ಅವರು ಇರುವಲ್ಲಿಗೂ ಒಂದು ಲೈನು ಎಳೆದು ಸಹಿಯನ್ನು ತಾವೇ ತರಿಸಿಕೊಳ್ಳಬೇಕು. ವೇಗ ‘ವಜ್ರ’ದಷ್ಟಿದ್ದರೂ ಸಾಕು, ಅವರಿಗೆ ಅವಸರವಿಲ್ಲ. ಸಾಧ್ಯವಾದರೆ, ಬಿಲ್ಲು ಬಂದಿದೆ ಎಂದು ನನ್ನ ಪರವಾಗಿ ಎರಡು ಮಾತು ಬೈದು ಬರಬೇಕು. ಇದು ಆಗದಿದ್ದರೆ, ಆ ಹಾಳೆಯಲ್ಲಿ ಅವರ ಹೆಸರು ಹೊಡೆದು, ಕಾಶೀಬಾಯಿ ಎಂದು ಬರೆದು, ನಾನು ಸಹಿ ಮಾಡಿಟ್ಟಿದ್ದೇನೆ, ಅದನ್ನು ಒಪ್ಪಿಕೊಳ್ಳಬೇಕು. ಗುಲಾಬಸಾಬ ಅವರಿಗೆ ನಿಜವನ್ನು ನಾನೇ ಹೇಳುತ್ತೇನೆ. ಅವರು ಕೂಡ್ರುವುದಾದರೆ ಕೂಡ್ರಲಿ, ಅಳುವುದಾದರೆ ಅಳಲಿ, ಚಹಾ ಮಾಡಿಕೊಡುತ್ತೇನೆ. ವೈರನ್ನು ಮಾತ್ರ ಸುತ್ತಬಾರದೆಂದು ತಾವು ಅಪ್ಪಣೆ ಕೊಡಬೇಕು.

ಷರತ್ತುಗಳಿಗೆ ಒಳಪಟ್ಟು,
ತಮ್ಮ ವಿಶ್ವಾಸಿ,
ಕಾಶೀಬಾಯಿ

ತಾ.ಕ.: ನಿನ್ನೆ ಸಂಜೆ ತಮ್ಮ ಆಫೀಸಿನಿಂದ ಫೋನು ಬಂದಿತ್ತು. ನಮ್ಮ ಸೇವೆ ಗುರುಶಿದ್ದಪ್ಪನವರಿಗೆ ತೃಪ್ತಿ ತಂದಿದೆಯೇ, ಐದರಲ್ಲಿ ಎಷ್ಟು ಅಂಕ ಕೊಡುತ್ತಾರೆ ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಅವರು ಇಷ್ಟು ದಿನವೂ ತಮ್ಮ ಮೇಲೆ ಒಂದೂ ದೂರು ಹೇಳಿಲ್ಲ, ಐದಕ್ಕೆ ಐದು ಬರೆದುಕೊಳ್ಳವ್ವ ಎಂದೆ. ಈ ಪತ್ರದ ಒಂದು ಪ್ರತಿಯನ್ನು ತಾವೇ ಎಳೆದ ಲೈನಿನಲ್ಲಿ ಈಗ ಇ-ಮೇಲ್ ಮಾಡುತ್ತಿದ್ದೇನೆ. ಗುಲಾಬಸಾಬ ಅವರು ಸಹಿಗಾಗಿ ಬರುವುದು ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ.