ಅವಳು ಕಟ್ಟಿಟ್ಟ ಗಂಟು

ನಮ್ಮ ಮನೆಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ, ಹತ್ತಾರು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ ಜಿಪ್ ಫೈಲಿನ ತಕರಾರಿನವು. ನಾನು ರಸ್ತೆ, ಸೇತುವೆ ಕಟ್ಟಿಸುವ ಇಂಜಿನಿಯರು. ಕಂಪ್ಯೂಟರಿನವಳು ನನ್ನ ಹೆಂಡತಿ. ಮನೆ ಟೆಕ್ಸಸ್‌ನ ಅಲೆನ್‌ನಲ್ಲಿ, ಅವಳ ಆಫೀಸು ಪ್ಲೇನೋದಲ್ಲಿ. ಡಾಲಸ್‌ನಿಂದ ಹ್ಯೂಸ್ಟನ್‌ವರೆಗಿನ ಗುರುತಿನ ಕನ್ನಡಿಗರಿಗೆಲ್ಲ ಅವಳೇ ಪುಕ್ಕಟೆ ಸಲಹೆಗಾರ್ತಿ. ಅವಳು ಹೋಗಿ ಎಂಟು ತಿಂಗಳಾಯಿತು, ಫೋನುಗಳು ಮಾತ್ರ ನಿಂತಿಲ್ಲ. ಈಗ ನಾನೇ ಎತ್ತಿಕೊಂಡು, ಅವಳು ಹೇಳುತ್ತಿದ್ದುದನ್ನೇ ಹೇಳುತ್ತೇನೆ.

ಊರವರ ಗಂಟೆಲ್ಲ ಬಿಚ್ಚಿಕೊಡುವ ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಜಿಪ್ ಇದೆ. ಹೆಸರು ‘ನಿಮಗೆ’. ಆಸ್ಪತ್ರೆಯ ಕೊನೆಯ ವಾರಗಳಲ್ಲಿ ಅವಳು ಮಾತಾಡಿ ರೆಕಾರ್ಡ್ ಮಾಡಿದ್ದನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸಿದ್ದು. ಏನು ಕಟ್ಟಿದರೂ ಪಾಸ್‌ವರ್ಡ್ ಹಾಕುವುದು ಅವಳ ಅಭ್ಯಾಸ. ಆ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಅವಳ ದನಿ ಅದರೊಳಗಿದೆ, ನಾನು ಹೊರಗೆ ಕೂತಿದ್ದೇನೆ.

ಕ್ಯಾರಲ್ಟನ್ ಅಂಕಲ್

ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಫೋಟೋ ಸೇರಿಸುವ ಕೆಲಸ ಕ್ಯಾರಲ್ಟನ್‌ನ ಒಬ್ಬ ಅಂಕಲ್‌ದು. ನನ್ನ ಹೆಂಡತಿಯ ನೆನಪಿಗೂ ಒಂದು ಪುಟ ಇಟ್ಟಿದ್ದರು. ನಾನು ಆರಿಸಿಕೊಡಲಿ ಎಂದು ಯುಗಾದಿ ಊಟದ ಫೋಟೋಗಳನ್ನು ಕಳಿಸಲು ಹೊರಟು ಫೋನ್ ಮಾಡಿದರು.

“ನೋಡಪ್ಪಾ, ಇನ್ನೂರು ಫೋಟೋ ಜಿಪ್ ಮಾಡಿದೆ, ಸೈಜು ಇಳೀಲಿಲ್ಲ. ಆ ಜಿಪ್ಪನ್ನೇ ಇನ್ನೊಂದು ಸಲ ಜಿಪ್ ಮಾಡಿದೆ. ಈಗ ಐದನೇ ಸಲ.”

“ಇಳೀತಾ ಅಂಕಲ್?”

“ಎಲ್ಲಿ! ಒಂಚೂರು ಜಾಸ್ತಿನೇ ಆಗಿದೆ.”

ಅವಳ ಪಾಠ ಒಪ್ಪಿಸಿದೆ. ಊರಿಗೆ ಹೊರಟಾಗ ಸೂಟ್‌ಕೇಸಿನ ಮೇಲೆ ಕೂತು ಮುಚ್ಚುತ್ತೇವಲ್ಲ, ಬಟ್ಟೆಯಾದರೆ ಅಮುಕಿದಷ್ಟೂ ಕುಗ್ಗುತ್ತದೆ, ಸ್ಟೀಲ್ ಪಾತ್ರೆ ಕುಗ್ಗುವುದಿಲ್ಲ. ಬರಹ ಬಟ್ಟೆ ಇದ್ದ ಹಾಗೆ. ಫೋಟೋ, ಹಾಡು, ವಿಡಿಯೋ ಪಾತ್ರೆ, ಅವನ್ನು ಮೊದಲೇ ಕುಗ್ಗಿಸಿಟ್ಟಿರುತ್ತಾರೆ. ಇನ್ನೂರು ಫೋಟೋ ಜಿಪ್ ಮಾಡುವುದು ಒಟ್ಟಿಗೆ ಕಳಿಸುವುದಕ್ಕೆ, ಸಣ್ಣ ಮಾಡುವುದಕ್ಕಲ್ಲ.

ಶನಿವಾರ ಅಂಕಲ್ ಪೆನ್‌ಡ್ರೈವ್ ಹಿಡಿದು ಮನೆಗೇ ಬಂದರು. ಐದು ಸುತ್ತಿನ ಗಂಟು ಹಾಗೇ ಇತ್ತು. “ಕಷ್ಟಪಟ್ಟು ಕಟ್ಟಿದ್ದು, ಬಿಚ್ಚೋಕೆ ಮನಸ್ಸಾಗ್ಲಿಲ್ಲ” ಅಂದರು. ಇಬ್ಬರೂ ಕೂತು ಒಂದೊಂದಾಗಿ ಬಿಚ್ಚಿದೆವು. ಕೊನೆಗೆ ಹೋಳಿಗೆ ಬಡಿಸುತ್ತಿದ್ದ ಅವಳು ಕಂಡಳು. ಅವಳಿದ್ದದ್ದು ಹನ್ನೆರಡು ಫೋಟೋ, ಹನ್ನೆರಡರಲ್ಲೂ ಕಣ್ಣು ಮುಚ್ಚಿದ್ದಳು.

ಅಂಕಲ್ ಮೆಲ್ಲಗೆ ಹೇಳಿದರು: “ತೆಗೆದವನು ನಾನೇ ಕಣಪ್ಪಾ. ಅವಳು ಕಣ್ಣು ಬಿಟ್ಟ ಮೇಲೆ ಒತ್ತಬೇಕಿತ್ತು.”

ಹ್ಯೂಸ್ಟನ್ ಆಂಟಿ

ಅದೇ ಪುಟಕ್ಕೆ ನಾಲ್ಕು ಮಾತು ಬರೆಯಲು ಒಪ್ಪಿಕೊಂಡವರು ಹ್ಯೂಸ್ಟನ್‌ನ ಆಂಟಿ, ಧಾರವಾಡದವರು. ಅಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ಸೀರೆ ಅಂಗಡಿಗಳಿಗೆ ಹೋದಾಗಲೆಲ್ಲ ನನ್ನ ಹೆಂಡತಿ ಇವರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದಳು. ಸಂಘದವರು ಆಂಟಿಯ ಬರಹವನ್ನು ಜಿಪ್ ಮಾಡಿ ತಿದ್ದಲು ವಾಪಸು ಕಳಿಸಿದ್ದರು.

“ಮೂರು ದಿನಾ ಕೂತು ತಿದ್ದೀನ್ರಿ. ಇವತ್ತು ತಗದು ನೋಡಿದ್ರ ಮೊದಲ ಹೆಂಗಿತ್ತೋ ಹಂಗ ಐತಿ!”

“ಜಿಪ್ಪಿಂದ ಹೊರಗೆ ತೆಗೆದುಕೊಂಡು ತಿದ್ದಿದ್ರಾ ಆಂಟಿ, ಒಳಗೇ ತೆರೆದು ತಿದ್ದಿದ್ರಾ?”

“ಒಳಗ ರೀ.”

ಅಲ್ಲಿಗೆ ಮುಗಿಯಿತು. ಜಿಪ್ಪಿನೊಳಗೆ ಇಣುಕಿ ಓದಬಹುದು, ಅಲ್ಲೇ ತಿದ್ದಿದ್ದು ಉಳಿಯುವುದಿಲ್ಲ, ತಿದ್ದಬೇಕಾದರೆ ಮೊದಲು ಎಲ್ಲವನ್ನೂ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಆಂಟಿಗೆ ತಕ್ಷಣ ಅರ್ಥವಾಯಿತು. “ಡಬ್ಬಿ ಒಳಗ ಕೈ ಹಾಕಿ ರೊಟ್ಟಿ ಬಡದಂಗಾತಲ್ರಿ!”

ಏನು ತಿದ್ದಿದ್ದಿರಿ ಎಂದು ಕೇಳಿದೆ.

“ಮೊದಲ ಎರಡು ಪುಟ ಹೊಗಳಿದ್ದೆ. ಆಕಿಗೆ ಹೊಗಳಿದ್ರ ಸೇರತಿದ್ದಿಲ್ಲ ಅಂತ ನೆನಪಾತು. ಹೊಗಳಿದ್ದೆಲ್ಲ ಹೊಡದು ನಾಕ ಸಾಲಿಗೆ ಇಳಿಸಿದ್ದೆ. ಈಗ ನೋಡ್ರಿ, ಹೊಗಳಿದ್ದಷ್ಟ ಉಳೀತು!”

ಇರಲಿ ಬಿಡಿ ಆಂಟಿ ಎಂದೆ. ಜೀವನದಲ್ಲಿ ಮೊದಲ ಸಲ ಅವಳು ಹೊಗಳಿಸಿಕೊಳ್ಳಲೇಬೇಕಾಯಿತು.

ಆಸ್ಟಿನ್ ಮಗಳು

ನನ್ನ ಗಂಟಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಆಸ್ಟಿನ್‌ನಲ್ಲಿ ಓದುವ ಮಗಳಿಗೂ. ಹೇಳದಿರಲು ಕಾರಣವಿತ್ತು. ಜಿಪ್ಪಿಗೆ ಬೀಗ ಹಾಕಿದರೂ ಸಾಮಾನ್ಯವಾಗಿ ಒಳಗಿನ ಫೈಲುಗಳ ಹೆಸರು ಹೊರಗೆ ಕಾಣುತ್ತದೆ. ಎಂಟು ತಿಂಗಳಿಂದ ನಾನು ಆ ಹೆಸರುಗಳನ್ನೇ ಓದುತ್ತಿದ್ದೆ: ‘ಸಾರಿನ ಪುಡಿ’, ‘ಬಟ್ಟೆ ಮಷಿನ್’, ‘ನಿಮ್ಮ ಬಿ.ಪಿ. ಮಾತ್ರೆ’, ‘ಮಗಳಿಗೆ ರೇಗಬೇಡಿ’. ಎಲ್ಲಕ್ಕಿಂತ ಕೊನೆಯ ಫೈಲಿನ ಹೆಸರು ‘ಪಾಸ್‌ವರ್ಡ್’.

ಊರಿಗೆಲ್ಲ ಪಾಠ ಹೇಳಿದವಳು ಬೀಗದಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕಿದ್ದಳು. ಗೊತ್ತಾದರೆ ಜನ ನಗುತ್ತಾರೆ. ಅವಳನ್ನು ನೋಡಿ ಯಾರಾದರೂ ನಗುವುದು ನನಗೆ ಬೇಡವಾಗಿತ್ತು.

ಒಬ್ಬನಿಗೇ ಬಿಚ್ಚಲು ಆಗಲಿಲ್ಲ. ಕೊನೆಗೆ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಮಗಳ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಅವಳು ಪಟ್ಟಿ ನೋಡಿದಳು. “ಓ ಮೈ ಗಾಡ್, ಅಮ್ಮಾ!” ಎಂದು ನಗತೊಡಗಿದವಳು ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಆಮೇಲೆ, “ವಾಟ್ ಆಲ್ ಡಿಡ್ ಯು ಟ್ರೈ, ಅಪ್ಪಾ?” ಎಂದಳು.

ಮದುವೆಯ ತಾರೀಕು, ಅವಳ ತವರಿನ ಮನೆ ಹೆಸರು, ನಕ್ಷತ್ರ, ಅವಳು ನನಗೆ ಬೈಯುತ್ತಿದ್ದ ಬೈಗುಳ, ಹಾಕಿ ನೋಡಿದ್ದನ್ನೆಲ್ಲ ಹೇಳಿದೆ. ಮಗಳು ಏನೋ ಟೈಪ್ ಮಾಡಿದಳು. ನೋಡಿದರೆ ನಮ್ಮ ಮನೆಯ ವೈಫೈ ಪಾಸ್‌ವರ್ಡು. ಬಂದವರೆಲ್ಲ ಓದಿಕೊಳ್ಳಲಿ ಎಂದು ನನ್ನ ಹೆಂಡತಿಯೇ ಫ್ರಿಜ್ ಮೇಲೆ ಬರೆದು ಅಂಟಿಸಿದ್ದು. ದಿನಾ ಹಾಲು ತೆಗೆಯುವಾಗ ಅದರ ಮುಂದೆಯೇ ನಿಲ್ಲುತ್ತೇನೆ.

“ಅದಲ್ಲ ಪುಟ್ಟಾ. ಒಂದೇ ಪಾಸ್‌ವರ್ಡ್ ಎರಡು ಕಡೆ ಇಡಬಾರದು ಅಂತ ನಿಮ್ಮಮ್ಮನೇ...”

ಗಂಟು ಬಿಚ್ಚಿಕೊಂಡಿತು.

ಹ್ಯೂಸ್ಟನ್ ಆಂಟಿಯ ಪಾಡು ನೆನಪಾಗಿ ಮೊದಲು ಎಲ್ಲವನ್ನೂ ಹೊರಗೆ ತೆಗೆದಿಟ್ಟೆ. ಆಮೇಲೆ ‘ಪಾಸ್‌ವರ್ಡ್’ ಒತ್ತಿದೆ. ಎಂಟು ತಿಂಗಳ ಮೇಲೆ ಅವಳ ದನಿ, ಸುಸ್ತಾಗಿತ್ತು, ಆದರೂ ಅವಳದೇ:

“ರೀ, ಪಾಸ್‌ವರ್ಡು ಫ್ರಿಜ್ ಮೇಲಿರೋದೇ. ಬೇರೆ ಎಲ್ಲಾದ್ರೂ ಹೇಳಿಟ್ರೆ ನೀವು ಕಳೀತೀರ. ಅದಕ್ಕೇ ಇದನ್ನೂ ಒಳಗೇ ಭದ್ರವಾಗಿ ಇಟ್ಟಿದೀನಿ.”