ಮೂಲ ಗೊತ್ತಿಲ್ಲದ ಕುರ್ಚಿ

ನನ್ನ ಮಾಸ್ತರಿಕೆಯಲ್ಲಿ ನಗುವಂಥದ್ದು ಏನೇ ನಡೆದಿದ್ದರೂ ಅದು ನಾನು ಹೆದರಿ ನಡುಗುತ್ತಿದ್ದಾಗಲೇ ನಡೆದಿದೆ. ಧೈರ್ಯವಾಗಿದ್ದ ದಿನಗಳು ಕಡಿಮೆ. ಅವುಗಳಲ್ಲಿ ವಿಶೇಷವೇನೂ ಘಟಿಸಲಿಲ್ಲ.

ಐವತ್ತರ ದಶಕದಲ್ಲಿ ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಖಾಯಂ ಆಗಬೇಕಾದರೆ ತಪಾಸಣೆಗೆ ಬರುವ ದಿಪೋಟಿ ಸಾಹೇಬರು, ಎಂದರೆ ಡೆಪ್ಯುಟಿ ಇನ್ಸ್‌ಪೆಕ್ಟರರು, ನನ್ನ ಕಾಗದಕ್ಕೆ ಸಹಿ ಹಾಕಬೇಕಿತ್ತು. ಹಾಕದಿದ್ದರೆ ಬೇಸಿಗೆ ರಜೆಗೆ ಹೋದವನು ಮರಳಿ ಬರುವ ಕಾರಣವಿರಲಿಲ್ಲ.

ಕಿಡಕಿ

ಸುದ್ದಿ ತಂದವನು ಕರಜಗಿ ಬಸ್ಸಿನ ಕಂಡಕ್ಟರ.

“ಮಾಸ್ತರ, ಹೊಸಾ ದಿಪೋಟಿ ಸಾಹೇಬ್ರು ಬಂದಾರ. ಲೆಕ್ಕ ಕೇಳಂಗಿಲ್ಲ, ಮಗ್ಗಿ ಕೇಳಂಗಿಲ್ಲ. ಈ ಶಬ್ದ ಯಾವ ಭಾಷಾದಿಂದ ಬಂತು ಅಂತ ಕೇಳ್ತಾರ. ಚಪಳಗಾಂವ ಕಡೆ ಒಬ್ಬ ಮಾಸ್ತರಗ ‘ಕಿಡಕಿ ಎಲ್ಲಿಂದ ಬಂತು’ ಅಂದ್ರಂತ.”

“ಆಂವ ಏನಂದ?”

“ಕಿಡಕ್ಯಾಗಿಂದ ಹೊರಗ ನೋಡಿದ.”

“ಆಮ್ಯಾಗ?”

“ಈಗ ನೋಡಾಕ ಕಿಡಕಿನೂ ಇಲ್ಲದ ಸಾಲಿಗೆ ವರ್ಗಾ ಆಗ್ಯಾನ.”

ಭಾಕರಿ

ನಮ್ಮ ಹೆಡ್ ಮಾಸ್ತರರು ಅಂದೇ ತೀರ್ಮಾನಿಸಿದರು: ಶಬ್ದಗಳ ಮೂಲ ಹೇಳುವ ಕೋಶವೊಂದು ಬೇಕು. ಹಂಗಾಮಿ ಎಂಬ ಕಾರಣಕ್ಕೆ ಸೋಲಾಪುರಕ್ಕೆ ನನ್ನನ್ನೇ ಅಟ್ಟಿದರು. ಹಳೇ ಪುಸ್ತಕದಂಗಡಿಯಲ್ಲಿ ಒಂದು ದಪ್ಪ ಕೋಶ ಸಿಕ್ಕಿತು. ಗೆದ್ದಲು ‘ಪ’ ಅಕ್ಷರವನ್ನು ಪೂರ್ತಿ ಓದಿ ಮುಗಿಸಿತ್ತು, ಉಳಿದದ್ದು ಸುಸ್ಥಿತಿಯಲ್ಲಿತ್ತು.

ಮಧ್ಯಾಹ್ನ ಗಿರಣಿ ಕಾಮಗಾರರ ಒಂದು ಖಾನಾವಳಿಗೆ ಊಟಕ್ಕೆ ಹೋದೆ. ಗಡಿ ಎಲ್ಲಿ ಬೀಳುತ್ತದೆ, ಯಾವ ಊರು ಯಾವ ರಾಜ್ಯದ ಪಾಲಾಗುತ್ತದೆ ಎಂದು ಚಹಾದಂಗಡಿಗಳಲ್ಲಿ ದಿನವೂ ಜಗಳ ನಡೆಯುತ್ತಿದ್ದ ಕಾಲ ಅದು. ನಾನು ಅಭ್ಯಾಸಕ್ಕೆಂದು, ತಾಟಿನ ಜೋಳದ ರೊಟ್ಟಿ ತೋರಿಸಿ ಪಕ್ಕದವನನ್ನು ಕೇಳಿದೆ, “ಭಾಕರಿ ಅನ್ನೋ ಶಬ್ದ ಕನ್ನಡದ್ದೋ, ಮರಾಠೀದೋ?”

ಊಟಕ್ಕೆ ಕುಳಿತ ಎರಡೂ ಸಾಲುಗಳಲ್ಲಿ ತಿನ್ನುವುದು ನಿಂತಿತು.

“ನಿನ್ನ ಯಾರು ಕಳಿಸ್ಯಾರ?” ಎಂದ ಪಕ್ಕದವನು, ಮೆಲ್ಲಗೆ.

ಎದುರು ಸಾಲಿನವನೊಬ್ಬ ಏನಾಯಿತೆಂದು ಮರಾಠಿಯಲ್ಲಿ ವಿಚಾರಿಸುತ್ತ ಎದ್ದು ನಿಂತ. ಅವನು ಸಾಕಷ್ಟು ಎತ್ತರವಿದ್ದ. ನಾನು ಕೋಶವನ್ನು ಎದೆಗೆ ಅಡ್ಡ ಹಿಡಿದೆ.

ಒಲೆಯ ಮುಂದಿದ್ದ ಖಾನಾವಳಿಯ ಒಡತಿ ತಿರುಗಿ ನೋಡಿದಳು. “ಹಿಟ್ಟು ನಂದು, ಒಲಿ ನಂದು, ಬಡದ ಕೈ ನಂದು. ಎಲ್ಲಾರೂ ಕುಂದರ್ರಿ. ನೀ ಏನಪಾ, ತಿಂತೀಯೋ, ಮೂಲಾ ಹುಡಕೋತ ಹೋಗ್ತೀಯೋ?”

ತಿಂದೆ. ಎರಡನೆಯದು ಬೇಕಾದಾಗ ಹೆಸರೆತ್ತಲಿಲ್ಲ. ಬೆರಳು ತೋರಿಸಿದೆ.

ಆಟ

ಕೋಶ ಬಂದ ಮೇಲೆ ಹೆಡ್ ಮಾಸ್ತರರು ಒಂದು ಆಟ ಕಟ್ಟಿದರು. ಸಂಜೆ ಶಾಲೆ ಬಿಟ್ಟ ಮೇಲೆ ಅವರು, ನಾನು, ಎರಡನೇ ಮಾಸ್ತರರು ಕೂಡುವುದು. ಒಬ್ಬನು ಒಂದು ವಸ್ತುವಿಗೆ ಬೆರಳು ಮಾಡಿ ಅದರ ಹೆಸರು ಹೇಳುವುದು. ಅದರ ಒಡೆಯನು ಮೂಲ ಹೇಳುವುದು. ತಪ್ಪಿದರೆ, ಸಾಹೇಬರು ಬಂದು ಹೋಗುವ ತನಕ ಆ ವಸ್ತುವನ್ನು ಅವನು ಮುಟ್ಟುವಂತಿಲ್ಲ.

“ನಾಲಿಗಿ ಕಲೀಲಿಲ್ಲಂದ್ರ ಮೈ ಕಲೀತದ” ಎಂದರು ಹೆಡ್ ಮಾಸ್ತರರು.

ಅವರ ಮೈಯೇ ಮೊದಲು ಕಲಿಯಿತು. ಕುರ್ಚಿ ಸಂಸ್ಕೃತ ಎಂದರು. ಕೋಶ ಅರಬ್ಬೀ ಎಂದಿತು. ಹೆಡ್ ಮಾಸ್ತರರು ಎದ್ದು, ಕುರ್ಚಿಗೊಮ್ಮೆ ಕೈಮುಗಿದು, ನೆಲದ ಮೇಲೆ ಕುಳಿತರು. ಎರಡನೇ ಮಾಸ್ತರರು ಸಾಬೂನಿನಲ್ಲಿ ಸೋತರು. ಕೆಲವೇ ದಿನಗಳಲ್ಲಿ ಅವರ ಧೋತರ ಎರೆಹೊಲದ ಬಣ್ಣಕ್ಕೆ ಬಂತು.

ನನ್ನ ಸರದಿಗೆ ಹೆಡ್ ಮಾಸ್ತರರು ನನ್ನ ಮೂಗಿನ ಮೇಲಿನ ಕನ್ನಡಕದತ್ತ ಬೆರಳು ಮಾಡಿ, “ಚಾಳೀಸು?” ಎಂದರು.

“ಇಂಗ್ಲಿಷ್ ಇರಬೇಕ್ರಿ.”

“ಚಾಳೀಸ ಅಂದ್ರ ನಲವತ್ತು. ನಲವತ್ತಕ್ಕ ಹಾಕೊಳ್ಳೋದು, ಅದಕ ಆ ಹೆಸರು. ನಿನಗಿನ್ನೂ ಇಪ್ಪತ್ತಾರು. ಉತ್ತರಾನೂ ತಪ್ಪು, ಹಾಕ್ಕೊಂಡದ್ದೂ ತಪ್ಪು. ತಗಿ.”

ಅಂದಿನಿಂದ ನಾನು ಹಾಜರಿಯನ್ನು ಹುಡುಗರ ಧ್ವನಿ ಗುರುತು ಹಿಡಿದು ಹಾಕುತ್ತಿದ್ದೆ.

ಒಂದು ಸಂಜೆ ಎರಡನೇ ಮಾಸ್ತರರು ಯೋಚಿಸದೆ “ಪಗಾರ?” ಎಂದುಬಿಟ್ಟರು. ಅದರ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿತ್ತು. ತಪ್ಪು ಹೇಳಿದವನ ಗತಿ ಏನೆಂದು ಮೂವರಿಗೂ ಹೊಳೆಯಿತು. ಹೆಡ್ ಮಾಸ್ತರರು ಕೋಶ ಮುಚ್ಚಿ, “ಇವತ್ತಿಗೆ ಆಟ ಸಾಕು” ಎಂದರು.

ಸಹಿ

ಸಾಹೇಬರು ಬಂದ ದಿನ ಹೆಡ್ ಮಾಸ್ತರರು ನೆಲದಿಂದ ಎದ್ದು ನಮಸ್ಕರಿಸಿದರು. ಎರಡನೇ ಮಾಸ್ತರರು ಧೋತರ ಕಾಣದಂತೆ ಕಂಬದ ಹಿಂದೆ ನಿಂತರು. ನಾನು ಬಲು ಭಕ್ತಿಯಿಂದ ಸಾಹೇಬರ ಜವಾನನಿಗೆ ಹಾರ ಹಾಕಿದೆ.

“ಏನಿದು ಅವಸ್ಥಾ?” ಎಂದರು ಸಾಹೇಬರು.

ಹೆಡ್ ಮಾಸ್ತರರು ಕೋಶದತ್ತ ಕೈ ಮಾಡಿದರು. ಮೂರನೇ ಇಯತ್ತೆಯ ಮಕ್ಕಳು ಕೂಡಿ ಆಟದ ನೇಮವನ್ನೆಲ್ಲ ಒಪ್ಪಿಸಿದರು. ಅವರೂ ಪಾಟಿ, ಬಳಪಗಳನ್ನು ಪಣಕ್ಕಿಟ್ಟು ಅದನ್ನೇ ಆಡುತ್ತಿದ್ದರು.

ಸಾಹೇಬರು ನಮ್ಮ ಮೂವರನ್ನೂ ಹತ್ತಿರ ಕರೆದರು. ಆಮೇಲೆ ದನಿ ತಗ್ಗಿಸಿ, “ನಮ್ಮ ದೊಡ್ಡ ಸಾಹೇಬ್ರು ಪ್ರತಿ ಸೋಮವಾರ ನನಗ ಹಿಂಗ ಶಬ್ದ ಕೇಳ್ತಾರ. ಅದಕ ನಾ ಸಾಲಿ ಸಾಲಿ ಕೇಳ್ಕೋತ ತಿರಗಾಕತ್ತೀನಿ. ಹೇಳವ್ರು ಒಬ್ಬರೂ ಸಿಕ್ಕಿರಲಿಲ್ಲ” ಎಂದರು. ನಮಗಿಂತ ಹೆದರಿದವರನ್ನು ನಾನು ಕಂಡದ್ದು ಅದೇ ಮೊದಲು. ಅವರು ಕೋಶ ಬಿಚ್ಚಿ ಹತ್ತಾರು ಶಬ್ದ ಬರೆದುಕೊಂಡರು. ಮಕ್ಕಳೆದುರು ನಿಂತು, “ಬಾಳ ಛಲೋ ಆಟ. ನೇಮ ಎಲ್ಲಾರಿಗೂ ಒಂದ. ನನಗೂ” ಎಂದರು.

ಆಮೇಲೆ ನನ್ನ ಕಾಗದ ತರಿಸಿದರು. ಹೆಡ್ ಮಾಸ್ತರರು ಶಾಯಿಯ ದೌತಿ ಮುಂದಿಟ್ಟರು. ಸಾಹೇಬರು ಜೇಬಿನಿಂದ ತಮ್ಮ ಟಾಕು ತೆಗೆದು ಅದ್ದಿ, ಕಾಗದದ ಮೇಲೆ ಕೈಯೂರಿದರು. ಇಷ್ಟು ದಿನಗಳ ಅಭ್ಯಾಸ; ನನ್ನ ಬೆರಳು ತಾನೇ ಎದ್ದಿತು, ಬಾಯಿ ತಾನೇ ತೆರೆಯಿತು.

“ಟಾಕು?” ಎಂದೆ.

ಸಾಹೇಬರ ಕೈ ನಿಂತಿತು. ಹೆಡ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಜಂತಿ ನೋಡಿದರು, ಕಿಡಕಿಯತ್ತ ನೋಡಿದರು. ಉತ್ತರ ಅಲ್ಲಿಯೂ ಇರಲಿಲ್ಲ.

“ಕೆಳಗ ಇಡ್ರಿ, ಸಾಹೇಬ್ರ” ಎಂದಿತು ಮೂರನೇ ಇಯತ್ತೆ, ಒಂದೇ ದನಿಯಲ್ಲಿ.

ಇಟ್ಟರು. ನನ್ನ ಖಾಯಂ ನೌಕರಿ ಸಹಿಯ ಜಾಗದಲ್ಲಿ ಬೆಳ್ಳಗೆ ಉಳಿಯಿತು. ಕೇಳಿದವನು ನಾನೇ ಆದ್ದರಿಂದ ಬಯ್ಯಲು ಬೇರೆ ಯಾರೂ ಇರಲಿಲ್ಲ.

ಸಾಹೇಬರು ನನ್ನ ಮುಖ ನೋಡಿದರು, ಮಕ್ಕಳ ಮುಖ ನೋಡಿದರು. ಆಮೇಲೆ ಎಡಗೈ ಹೆಬ್ಬೆಟ್ಟನ್ನು ದೌತಿಯಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿದರು. ಹೆಡ್ ಮಾಸ್ತರರು ಕಣ್ಣು ಬಿಟ್ಟು, ಹುರುಪಿನಿಂದ ದೌತಿಯತ್ತ ಬೆರಳೆತ್ತುವಷ್ಟರಲ್ಲಿ ನಾನು ಅವರ ಕಾಲು ತುಳಿದೆ.

ಆ ಕಾಗದವನ್ನು ಸೋಲಾಪುರದ ಕಚೇರಿಗೆ ಒಯ್ದಾಗ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮೇಲೆ ‘ವಿದ್ಯಾ ಖಾತೆ’ ಎಂದಿತ್ತು, ಕೆಳಗೆ ಹೆಬ್ಬೆಟ್ಟಿತ್ತು. ನನ್ನನ್ನು ಖಾಯಂ ಎಂದು ನೋಂದಿಸಿಕೊಂಡು, ಕನಿಕರದಿಂದ ಕೇಳಿದ:

“ಸಾಹೇಬ್ರಿಗೆ ಅಕ್ಷರ ಕಲಸಾಕ ಅಂತನ ನಿಮ್ಮನ್ನ ಇಟ್ಕೊಂಡಾರೇನ್ರಿ, ಮಾಸ್ತರ?”