ಹದಿನಾರು ತೂತಿನ ತಂತಿ ಮತ್ತು ಬೋರಯ್ಯನ ಪ್ರತಾಪ

“ಲೇ ಓಬಳೇಶ, ಮುನ್ನೂರು ವ್ಯಾಟು ಕುಡಿಯೋ ಈ ಗ್ರಾಫಿಕ್ಸ್ ಕಾರ್ಡ್ ರಾಕ್ಷಸನ್ನ ತಂದು ಕೂರ್ಸಿ, ಈಗ ಏಳ್ತಿಲ್ಲ ಅಂತೀಯಾ? ರಿಪೇರಿ ಮಾಡೋನೋ, ಕತ್ತೆ ಕಾಯೋನೋ ನೀನು?”

“ಬಾಯಿ ಬಿಗಿ ಹಿಡಿ ಭಾವ! ನಿನ್ ಕಂಪ್ಯೂಟರಿಗೆ ಕರೆಂಟು ಕೊಡೋ ನಾನೂರೈವತ್ತು ವ್ಯಾಟಿನ ಡಬ್ಬಾ ಇದರ ಹಲ್ಲಿಗೂ ಸಾಲಲ್ಲ. ಎಂಟ್ನೂರೈವತ್ತರದ್ದು ತರ್ಸು!”

ಕೇಳಿರಿ, ಸುಮ್ಮನೆ ಕೂತು ಕೇಳಿರಿ! ಗಣಪನಿಗಿಂತ ಮೊದಲು ಗ್ರಾಫಿಕ್ಸ್ ಕಾರ್ಡನ್ನು ನೆನೆಯುವ ಈ ಯುಗದಲ್ಲಿ, ಚಳ್ಳಕೆರೆಯೆಂಬ ಪಟ್ಟಣದಲ್ಲಿ, ಚತುಶ್ಶತ-ವಿವಾಹ-ವಿಡಿಯೋ-ಮಿಕ್ಸಿಂಗ್-ಧುರಂಧರನೂ ತಾಂಬೂಲ-ರಂಜಿತ-ದಂತಪಂಕ್ತಿಯೂ ಆದ ಬೋರಯ್ಯನಿದ್ದನು. ಎದುರು ನಿಂತವನು ಅವನ ಹೆಂಡತಿಯ ತಮ್ಮ, ಸ್ಕ್ರೂಡ್ರೈವರ್-ಖಡ್ಗಪಾಣಿ, ಶತ-ಕಂಪ್ಯೂಟರ್-ಉದರಭೇದಕ ಓಬಳೇಶ. ಆಗಲೇ ಮಧ್ಯಾಹ್ನ ಮೂರು. ಸಂಜೆ ಆರಕ್ಕೆ ಆರತಕ್ಷತೆಯ ಪರದೆಯ ಮೇಲೆ, ಇದೇ ಕಂಪ್ಯೂಟರಿನಲ್ಲಿ ಮಿಕ್ಸಾಗಬೇಕಾದ ಮದುವೆಯ ವಿಡಿಯೋ ಓಡದಿದ್ದರೆ ಬೋರಯ್ಯನನ್ನು ಆ ಊರಿನಲ್ಲಿ ಇನ್ನು ನಾಮಕರಣಕ್ಕೂ ಕರೆಯುವವರಿಲ್ಲ.

ಎಂಟುನೂರೈವತ್ತು ವ್ಯಾಟಿನ ಮಹಾಡಬ್ಬಾ ಆಟೋದಲ್ಲಿ ಆಗಮಿಸಿತು. ಕಾರ್ಡಿನ ಜೊತೆಗೇ ಬಂದಿದ್ದ, ಡಬ್ಬಾದಿಂದ ಅದಕ್ಕೆ ಕರೆಂಟು ಒಯ್ಯುವ ತಂತಿಯ ಹದಿನಾರು ತೂತಿನ ತುದಿಯನ್ನು ಓಬಳೇಶನು ಕಾರ್ಡಿನ ಬಾಯಿಗೆ ತುರುಕಿದನು, ಹಲ್ಲು ಕಚ್ಚಿ ತುರುಕಿದನು, ಕುಲದೇವರನ್ನು ನೆನೆದು ತುರುಕಿದನು. ಕಾರ್ಡಿನ ಫ್ಯಾನು ಕೂದಲೆಳೆಯಷ್ಟೂ ಅಲುಗಲಿಲ್ಲ.

ಬೋರಯ್ಯನು ಎದೆ ತಟ್ಟಿ ಗರ್ಜಿಸಿದನು: “ನಾನ್ಯಾರು ಗೊತ್ತೇನೋ? ಅಳದ ಮದುಮಗಳನ್ನ ಸ್ಲೋ ಮೋಷನ್ನಲ್ಲಿ ಅಳಿಸಿದೋನು! ಮದುವೆಗೇ ಬರದ ಸೋದರಮಾವನ್ನ ಊಟದ ಪಂಕ್ತೀಲಿ ಕೂರ್ಸಿದೋನು! ಈ ಕಾರ್ಡು ಕೊಂದ ಪಾಪ ನಿಂದೇ!”

“ಸಾವಿರ ವ್ಯಾಟಿಂದು ತರ್ಸು ಭಾವ. ಆಗಲೂ ಏಳದಿದ್ರೆ ಮೀಸೆ ಬೋಳಿಸ್ಕೊಂತೀನಿ!”

ಗದ್ದಲ ತಡೆಯಲಾರದೆ ಬೋರಯ್ಯನ ಹೆಂಡತಿ ಪಾಲಕ್ಕ ಒಳಗಿನಿಂದ ಬಂದಳು. ಕರೆಂಟು ಆರಿಸಿ, ತಂತಿ ಕಿತ್ತು, ಬೆಳಕಿಗೆ ಹಿಡಿದಳು.

“ಈ ತೂತಿಗೆಲ್ಲ ಕುಂಕುಮ ಮೆತ್ತಿದ್ಯಾರು?”

ಬೆಳಿಗ್ಗೆ ಹೊಸ ಕಾರ್ಡಿನ ಪೂಜೆಯಲ್ಲಿ ಭಕ್ತಿ ಉಕ್ಕಿ, ತೂತಿಗೊಂದರಂತೆ ಕಲಸಿದ ಕುಂಕುಮದ ಬೊಟ್ಟಿಟ್ಟ ಮಹಾತ್ಮ ಬೋರಯ್ಯನೇ. ಅದು ಒಣಗಿ ಗಾರೆಯಾಗಿತ್ತು.

“ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಟ್ರೆ ಸರಿ ಇರಲ್ಲ ಅಂತ…” ಎಂದಿತು ಸಿಂಹಕಂಠ, ಸಣ್ಣಗೆ.

“ಸದ್ಯ ಭಾವ, ಒಳಗಡೆ ಕರ್ಪೂರ ಹಚ್ಚಲಿಲ್ಲ!”

“ನೀನೂ ಸುಮ್ನಿರೋ. ವ್ಯಾಟು ವ್ಯಾಟು ಅಂತ ಬಡ್ಕೊಂಡ್ಯಲ್ಲ, ತಂತಿ ನೋಡಿದ್ಯಾ? ಹಳೇ ಡಬ್ಬಾನೇ ಹಾಕು.” ಪಾಲಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಒಂದೊಂದೇ ತೂತು ಕೆರೆದಳು. ನಾನೂರೈವತ್ತರಲ್ಲೇ ಫ್ಯಾನು ಗಿರ್ರನೆ ತಿರುಗಿತು.

ಬೋರಯ್ಯನು ಚಪ್ಪಲಿ ಮೆಟ್ಟಿದನು. “ಟೀ ಹೇಳಿ ಬರ್ತೀನಿ.”

ಆರಕ್ಕೆ ವಿಡಿಯೋ ಓಡಿತು. ಮದುಮಗಳ ತಂದೆ ಬೋರಯ್ಯನಿಗೆ ಹೊದಿಸಲು ಶಾಲು ಹಿಡಿದು ಮಂಟಪವೆಲ್ಲ ಹುಡುಕಿದರು. ಬೋರಯ್ಯ ಬರಲಿಲ್ಲ. ಟೀಯೂ ಬರಲಿಲ್ಲ.